ಐದು ಸೈಟಿನ ಸಂಸ್ಥಾನ

ಹೆಂಡತಿಯ ಹುಟ್ಟುಹಬ್ಬಕ್ಕೆ ಗಂಡಸರು ಏನೇನೋ ಕೊಡುತ್ತಾರೆ. ಕೆಲವರು ಸೀರೆ ತರುತ್ತಾರೆ, ಕೆಲವರು ಮರೆತು ಮಾರನೆಯ ದಿನ ಎರಡು ಸೀರೆ ತರುತ್ತಾರೆ. 1967ರ ಸೆಪ್ಟೆಂಬರ್ 2ರಂದು ಇಂಗ್ಲೆಂಡಿನ ರಾಯ್ ಬೇಟ್ಸ್ ಎಂಬ ಮಾಜಿ ಮೇಜರ್ ತನ್ನ ಹೆಂಡತಿ ಜೋನ್‌ಗೆ ಒಂದು ದೇಶ ಕೊಟ್ಟ. ಸೀರೆಯಾಗಿದ್ದರೆ ಅಂಚು ಒಪ್ಪಿಗೆಯಾಗಲಿಲ್ಲವೆಂದು ಅಂಗಡಿಗೆ ವಾಪಸು ಕೊಡಬಹುದಿತ್ತು. ದೇಶವನ್ನು ಯಾವ ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಾನೆ? ಹಾಗಾಗಿ ಅದು ಇವತ್ತಿಗೂ ಆ ಮನೆಯವರ ಹತ್ತಿರವೇ ಉಳಿದಿದೆ.

ದೇಶ ಎಂದೊಡನೆ ಹೊಲ, ಹೊಳೆ, ಗುಡಿ, ಸಂತೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳನ್ನು ಹೊಡೆಯಲೆಂದು ಬ್ರಿಟಿಷ್ ನೌಕಾಪಡೆ ಸಫೊಕ್ ಕರಾವಳಿಯಿಂದ ಸುಮಾರು 12 ಕಿಲೋಮೀಟರ್ ಆಚೆ, ಒಂದು ಮರಳುದಿಬ್ಬದ ಮೇಲೆ ತಂದು ಕೂರಿಸಿದ ಕೋಟೆ ಅದು. ನೀರಿನಲ್ಲಿ ನಿಂತ ಎರಡು ಟೊಳ್ಳು ಕಾಂಕ್ರೀಟ್ ಕಂಬ, ಅವುಗಳ ತಲೆಯ ಮೇಲೆ ಕಬ್ಬಿಣದ ಅಟ್ಟ. ಯುದ್ಧ ಮುಗಿದ ಕೆಲವು ವರ್ಷಕ್ಕೆ ಸೈನಿಕರು ಬಿಟ್ಟು ಹೋದರು; ಕಂಬಗಳು ನಿಂತೇ ಇದ್ದವು. ಅಟ್ಟದ ವಿಸ್ತೀರ್ಣ ಸುಮಾರು 550 ಚದರ ಮೀಟರ್. ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ 30-40ರ ಐದು ಸೈಟಿಗೆ ಕೊಂಚ ಕಡಿಮೆ. ಮುಂದೆ ರಸ್ತೆ ಇಲ್ಲ, ಕುಡಿಯುವ ನೀರಿಲ್ಲ, ಮಣ್ಣಂತೂ ಹಿಡಿಯಷ್ಟೂ ಇಲ್ಲ. ನಾಲ್ಕೂ ಮೂಲೆ ತೆರೆದಿರುವ ಕಾರ್ನರ್ ಸೈಟು ಎನ್ನುವುದೊಂದೇ ಸಮಾಧಾನ. ಇದಕ್ಕೆ ಸೀಲ್ಯಾಂಡ್ ಎಂದು ನಾಮಕರಣವಾಯಿತು. ಗಂಡ ಪ್ರಿನ್ಸ್, ಹೆಂಡತಿ ಪ್ರಿನ್ಸೆಸ್. ನಮ್ಮ ಕಡೆ ಇಂಥದ್ದಕ್ಕೆ ಸಂಸ್ಥಾನ ಎನ್ನುವ ವಾಡಿಕೆ.

ಬೇಟ್ಸ್‌ಗೆ ಮೊದಲಿಗೆ ದೇಶ ಕಟ್ಟುವ ಚಪಲವೇನೂ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಒಂದು ರೇಡಿಯೋ. ಆ ಕಾಲಕ್ಕೆ ಬ್ರಿಟನ್ನಿನ ಆಕಾಶವೆಲ್ಲ ಬಿಬಿಸಿಯ ಗುತ್ತಿಗೆ. ಹುಡುಗರಿಗೆ ಬೇಕಾದ ಪಾಪ್ ಹಾಡನ್ನು ಅದು ಪಥ್ಯದ ಗಂಜಿಯಂತೆ ಚಮಚದಲ್ಲಿ ಅಳೆದು ಕೊಡುತ್ತಿತ್ತು. ಆದ್ದರಿಂದ ಕೆಲವರು ಹಡಗುಗಳಲ್ಲಿ, ಪಾಳು ಕೋಟೆಗಳಲ್ಲಿ ಕುಳಿತು ಕಳ್ಳ ರೇಡಿಯೋ ನಡೆಸಿದರು. ಬೇಟ್ಸ್ 1965ರಲ್ಲಿ ನಾಕ್ ಜಾನ್ ಎಂಬ ಕೋಟೆಯಿಂದ ರೇಡಿಯೋ ಎಸೆಕ್ಸ್ ಶುರುಮಾಡಿದ. ಆ ಕೋಟೆ ಬ್ರಿಟನ್ನಿನ ನೀರಿನೊಳಗೇ ಬರುತ್ತದೆಂದು ಕೋರ್ಟು ದಂಡ ಹಾಕಿತು. ಆಗಿನ ಗಡಿ ತೀರದಿಂದ ಮೂರು ನಾಟಿಕಲ್ ಮೈಲಿ. ಸರಿ, ಮೂರರ ಆಚೆ ಹೋಗೋಣವೆಂದು ಗಂಟುಮೂಟೆ ಕಟ್ಟಿ ಈ ಕೋಟೆಗೆ ಬಂದ. ರೇಡಿಯೋ ಕ್ಯಾರೋಲಿನ್ ಎಂಬ ಇನ್ನೊಂದು ಕಳ್ಳ ರೇಡಿಯೋದವರು ಮೊದಲೇ ಅಲ್ಲಿ ಟವೆಲ್ ಹಾಕಿದ್ದರು. ಬಸ್ಸಿನ ಸೀಟಿಗೆ ನಡೆಯುವಂಥ ಜಗಳ ಪೆಟ್ರೋಲ್ ಬಾಂಬಿನವರೆಗೆ ಹೋಗಿ, ಬೇಟ್ಸ್ ಗೆದ್ದ. ಅಷ್ಟರಲ್ಲಿ 1967ರ ಆಗಸ್ಟ್‌ನಲ್ಲಿ ಹೊಸ ಕಾನೂನು ಬಂತು: ಬ್ರಿಟಿಷ್ ಪ್ರಜೆ ಕಡಲಿನ ಯಾವ ಮೂಲೆಯಲ್ಲಿ ಕುಳಿತು ಕಳ್ಳ ಪ್ರಸಾರ ಮಾಡಿದರೂ ಅಪರಾಧ. ಬ್ರಿಟಿಷ್ ಪ್ರಜೆಯಾಗಿರುವುದೇ ತೊಂದರೆಯಾದರೆ ಅದನ್ನು ಬಿಟ್ಟರಾಯಿತಲ್ಲ! ಹಾಡು ಹಾಕಲು ಲೈಸೆನ್ಸ್ ಸಿಗದವನು ರಾಷ್ಟ್ರಗೀತೆ ಮಾಡಿಸಿಕೊಂಡ. ತಮಾಷೆಯೆಂದರೆ, ಇಷ್ಟೆಲ್ಲ ಆದಮೇಲೆ ಆ ಕೋಟೆಯಿಂದ ಅವನ ರೇಡಿಯೋ ಒಂದು ಹಾಡನ್ನೂ ಪ್ರಸಾರ ಮಾಡಲಿಲ್ಲ.

ಮಿಕ್ಕವರೂ ಹೀಗೆ ಕೋಟೆ ಹಿಡಿದು ಕೂತುಬಿಟ್ಟಾರೆಂಬ ಭಯಕ್ಕೆ ಬ್ರಿಟಿಷ್ ಸರ್ಕಾರ ಸಂಕ್ ಹೆಡ್ ಎಂಬ ಇನ್ನೊಂದು ಕೋಟೆಗೆ ಅದೇ ವರ್ಷ ಸಿಡಿಮದ್ದಿಟ್ಟು ಉಡಾಯಿಸಿತು. ಹಳೆಯ ಕೋಟೆಗೆ ಹೊಸ ಅರಸ ಬರಬಾರದೆಂದು ಕೋಟೆಯನ್ನೇ ಕೆಡವುವ ವಿದ್ಯೆ ಅವರಿಗೆ ಹೊಸತಲ್ಲ.

1968ರಲ್ಲಿ ಸಂಸ್ಥಾನದ ಹತ್ತಿರ ತೇಲುಗುರುತು ಸರಿಮಾಡಲು ಬಂದ ಹಡಗಿನ ಕಡೆಗೆ ಯುವರಾಜ ಮೈಕೇಲ್ ಗುಂಡು ಹಾರಿಸಿದ. ಅಪ್ಪ-ಮಗ ಇಬ್ಬರಿಗೂ ಕೋರ್ಟಿನ ಕರೆ ಬಂತು. ಚೆಲ್ಮ್ಸ್‌ಫರ್ಡ್‌ನ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಕಾನೂನಿನ ಪುಸ್ತಕ ತಿರುವಿ ನೋಡಿ, ಘಟನೆ ಮೂರು ಮೈಲಿಯ ಆಚೆ ನಡೆದದ್ದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೈತೊಳೆದುಕೊಂಡರು. 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಮಾತನ್ನು ನಾವು ನೀವು ಎಷ್ಟು ಕಚೇರಿಗಳ ಎಷ್ಟು ಕಿಟಕಿಗಳಲ್ಲಿ ಕೇಳಿಲ್ಲ? ಪೈಪು ಒಡೆದಿದೆ ಎಂದರೂ ಅದೇ, ಹಸು ಚರಂಡಿಗೆ ಬಿದ್ದಿದೆ ಎಂದರೂ ಅದೇ. ಅದನ್ನು ಕೇಳಿ ತಲೆ ತಗ್ಗಿಸಿಕೊಂಡು ಮನೆಗೆ ಬರುವುದು ನಮ್ಮ ಅಭ್ಯಾಸ. ಬೇಟ್ಸ್ ಮಾತ್ರ ಅದನ್ನೇ ಸ್ವಾತಂತ್ರ್ಯದ ಸನ್ನದು ಎಂದು ತಿಳಿದು ಚೌಕಟ್ಟು ಹಾಕಿಸಿದ.

ಇಲ್ಲಿಂದಾಚೆಗೆ ನನಗೆ ಈ ಮನುಷ್ಯನ ಮೇಲೆ ಇದ್ದ ಅಭಿಮಾನ ಸ್ವಲ್ಪ ಇಳಿಯುತ್ತದೆ. ಲೈಸೆನ್ಸು, ದಂಡ, ಸಮನ್ಸು ಇವುಗಳ ಕಾಟ ತಾಳಲಾರದೆ ಕಡಲಿಗೆ ಓಡಿಹೋದವನು ಅಲ್ಲಿ ಏನು ಮಾಡಬೇಕು? ಗಾಳ ಹಾಕಿ ಮೀನು ಹಿಡಿಯಬಹುದು. ಮಲಗಬಹುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾವ ಅರ್ಜಿಗೂ ಸಹಿ ಹಾಕದೆ ಸುಖವಾಗಿರಬಹುದು. ಬೇಟ್ಸ್ ಮಾಡಿದ್ದು ಏನು? ಬಾವುಟ ಹೊಲಿಸಿದ. ನಾಣ್ಯ ಟಂಕಿಸಿದ, ಸೀಲ್ಯಾಂಡ್ ಡಾಲರಿನ ಬೆಲೆ ಅಮೆರಿಕದ ಡಾಲರಿಗೆ ಸಮ ಎಂದು ತಾನೇ ಗೊತ್ತುಮಾಡಿದ. ಅಂಚೆಚೀಟಿ ಅಚ್ಚುಹಾಕಿಸಿದ. 1975ರಲ್ಲಿ ಸಂವಿಧಾನ ಬಂತು. ಆಮೇಲೆ ಪಾಸ್‌ಪೋರ್ಟು ಬಂತು. ಕುಡಿಯಲು ಮಳೆನೀರು ಹಿಡಿದಿಡಬೇಕಾದ ಜಾಗದಲ್ಲಿ ರಬ್ಬರ್ ಸ್ಟಾಂಪಿಗೆ ಶಾಯಿ ಮಾತ್ರ ಒಣಗಲಿಲ್ಲ. ಕಚೇರಿಗೆ ಹೆದರಿ ಓಡಿದವನು ನಡುನೀರಿನಲ್ಲಿ ತೆರೆದದ್ದು ಇನ್ನೊಂದು ಕಚೇರಿ. ಸೀ ಎಂದರೆ ಸಮುದ್ರ, ಲ್ಯಾಂಡ್ ಎಂದರೆ ನೆಲ ಎಂದು ಅವರು ಹೆಸರಿಗೆ ಅರ್ಥ ಹೇಳುತ್ತಾರೆ. ತಾಲ್ಲೂಕು ಕಚೇರಿ ಕಂಡ ನಮ್ಮಂಥವರಿಗೆ ಅದು ಸೀದಾ ಸೀಲ್-ಲ್ಯಾಂಡ್, ಮೊಹರಿನ ನಾಡು.

ಇಂಥವರಿಗೆಲ್ಲ ವೇದವಾಕ್ಯವೆಂದರೆ 1933ರ ಮಾಂಟೆವಿಡಿಯೊ ಒಪ್ಪಂದ. ದೇಶ ಎನ್ನಿಸಿಕೊಳ್ಳಲು ಅದು ಕೇಳುವುದು ನಾಲ್ಕೇ ನಾಲ್ಕು: ಕಾಯಂ ಜನ, ಗೊತ್ತಾದ ನೆಲ, ಒಂದು ಸರ್ಕಾರ, ಬೇರೆ ದೇಶಗಳೊಡನೆ ವ್ಯವಹರಿಸುವ ಸಾಮರ್ಥ್ಯ. ಜಯನಗರದಲ್ಲಿ ಬಾಡಿಗೆ ಮನೆ ಹಿಡಿಯಬೇಕಾದರೆ ಇದಕ್ಕಿಂತ ಹೆಚ್ಚು ಷರತ್ತುಗಳಿವೆ. ಅಲ್ಲಿ ಏನು ತಿನ್ನುತ್ತೀರಿ ಎಂಬುದನ್ನೂ ಕೇಳುತ್ತಾರೆ. ಆದರೆ 1982ರ ಸಮುದ್ರ ಕಾನೂನು ಒಪ್ಪಂದ ಇನ್ನೊಂದು ಮಾತು ಸೇರಿಸಿತು: ಮನುಷ್ಯ ಕಟ್ಟಿದ್ದು ದ್ವೀಪವಲ್ಲ, ಅದಕ್ಕೆ ಸ್ವಂತ ಕಡಲಿಲ್ಲ. 1987ರಲ್ಲಿ ಬ್ರಿಟನ್ ತನ್ನ ಗಡಿಯನ್ನು ಮೂರರಿಂದ ಹನ್ನೆರಡು ಮೈಲಿಗೆ ಹಿಗ್ಗಿಸಿತು. ಸಂಸ್ಥಾನ ನಿಂತಲ್ಲೇ ನಿಂತಿದ್ದರೂ ಬ್ರಿಟನ್ನಿನ ಒಳಗೆ ಬಂದುಬಿಟ್ಟಿತು. ಸೀಲ್ಯಾಂಡ್ ಸುಮ್ಮನಿರುತ್ತದೆಯೇ? ತನ್ನದೂ ಹನ್ನೆರಡು ಮೈಲಿ ಎಂದು ಸಾರಿತು. ಲೆಕ್ಕ ಹಾಕಿ ನೋಡಿದರೆ ಕೋಟೆಯಿಂದ ಇಂಗ್ಲೆಂಡಿನ ತೀರಕ್ಕೆ ಇರುವುದೇ ಆರೇಳು ನಾಟಿಕಲ್ ಮೈಲಿ. ಅಂದರೆ ಬ್ರಿಟನ್ನಿನ ಕರಾವಳಿಯ ಕೆಲವು ಊರುಗಳು ಸದ್ಯಕ್ಕೆ ಬೇಟ್ಸ್ ಮನೆತನದ ಉದಾರತೆಯಿಂದ ಬದುಕುತ್ತಿವೆ.

ಪಾಳೆಯಪಟ್ಟು ಎಂದಮೇಲೆ ದಂಗೆ ಇಲ್ಲದಿದ್ದರೆ ಹೇಗೆ? 1978ರ ಆಗಸ್ಟ್‌ನಲ್ಲಿ ಅದೂ ಆಯಿತು. ಅಲೆಕ್ಸಾಂಡರ್ ಆಖೆನ್‌ಬಾಖ್ ಎಂಬ ಜರ್ಮನ್ ವ್ಯಾಪಾರಿ ಸೀಲ್ಯಾಂಡಿನ ಪ್ರಧಾನಿ ಎಂಬ ಬಿರುದು ಹೊತ್ತಿದ್ದ. ದೊರೆ, ದೊರೆಸಾನಿ ಆಸ್ಟ್ರಿಯಾಕ್ಕೆ ಹೋದ ಸಮಯ ನೋಡಿ ಅವನ ಕಡೆಯ ಕೂಲಿ ಬಂಟರು ಹೆಲಿಕಾಪ್ಟರಿನಲ್ಲಿ ಬಂದಿಳಿದು ಯುವರಾಜನನ್ನು ಹಿಡಿದು ಕಟ್ಟಿದರು. ನಮ್ಮ ಪುರಾಣ, ಇತಿಹಾಸಗಳಲ್ಲಿ ಮಂತ್ರಿ ರಾಜನಿಗೆ ದ್ರೋಹ ಮಾಡುವುದು ರಾಜ್ಯದ ಆಸೆಗೆ. ಇಲ್ಲಿ ರಾಜ್ಯವೆಂದರೆ ಒಂದು ಅಟ್ಟ, ಒಂದು ಜನರೇಟರ್. ಆಸೆಗೆ ಅಳತೆ ಇಲ್ಲ ಎನ್ನುವುದು ಇದಕ್ಕೇ ಇರಬೇಕು. ಆಕ್ರಮಣಕ್ಕೆ ಬಂದವರ ಸಂಖ್ಯೆ ದೇಶದ ಜನಸಂಖ್ಯೆಗಿಂತ ಹೆಚ್ಚಾಗಿದ್ದ ಯುದ್ಧ ಚರಿತ್ರೆಯಲ್ಲಿ ಬೇರೆ ಎಲ್ಲಿ ನಡೆದಿದೆಯೋ ನಾನರಿಯೆ.

ದೊರೆಯೂ ಹೆಲಿಕಾಪ್ಟರಿನಲ್ಲೇ ಬಂದು, ಹಗ್ಗ ಹಿಡಿದು ಇಳಿದು, ಕೋಟೆ ಮರಳಿ ಗೆದ್ದ. ಸಿಕ್ಕವರನ್ನೆಲ್ಲ ಯುದ್ಧಕೈದಿಗಳೆಂದು ಕೂಡಿಹಾಕಿ ಆಮೇಲೆ ಬಿಟ್ಟುಬಿಟ್ಟ, ಒಬ್ಬ ಜರ್ಮನ್ ವಕೀಲನನ್ನು ಬಿಟ್ಟು. ಅವನ ತಪ್ಪು ದೊಡ್ಡದು: ಅವನ ಹತ್ತಿರ ಸೀಲ್ಯಾಂಡಿನ ಪಾಸ್‌ಪೋರ್ಟ್ ಇತ್ತು. ಪರದೇಶದವನು ಮಾಡಿದರೆ ದಾಳಿ, ಸ್ವದೇಶದವನು ಮಾಡಿದರೆ ದೇಶದ್ರೋಹ. ದಂಡ 75,000 ಜರ್ಮನ್ ಮಾರ್ಕ್. ಪಾಸ್‌ಪೋರ್ಟನ್ನು ಯಾವ ವಿಮಾನ ನಿಲ್ದಾಣದವರೂ ಮೂಸಿ ನೋಡಿರಲಿಲ್ಲ. ಅದನ್ನು ನಿಜವೆಂದು ನಂಬಿ ಕೆಲಸಕ್ಕೆ ಹಚ್ಚಿದವನು ಕೊಟ್ಟವನೇ, ಅದೂ ಇಟ್ಟುಕೊಂಡವನ ವಿರುದ್ಧ. ಜರ್ಮನಿ ಬ್ರಿಟನ್ನನ್ನು ಕೇಳಿತು. ಬ್ರಿಟನ್ 1968ರ ತೀರ್ಪು ತೋರಿಸಿ 'ನಮ್ಮ ವ್ಯಾಪ್ತಿ ಅಲ್ಲ' ಎಂದಿತು. ಕೊನೆಗೆ ಲಂಡನ್ನಿನ ಜರ್ಮನ್ ರಾಯಭಾರ ಕಚೇರಿಯಿಂದ ಒಬ್ಬ ಅಧಿಕಾರಿ ಆ ಕಬ್ಬಿಣದ ಅಟ್ಟಕ್ಕೆ ಹೋಗಿ ಮಾತಾಡಬೇಕಾಯಿತು. ಬೇಟ್ಸ್ ವಕೀಲನನ್ನು ಬಿಟ್ಟ, ದಂಡದ ಆಸೆಯನ್ನೂ ಬಿಟ್ಟ. ಅವನಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತ್ತು: ಜರ್ಮನಿಯ ಪ್ರತಿನಿಧಿ ಮನೆ ಬಾಗಿಲಿಗೆ ಬಂದನೆಂದರೆ ಜರ್ಮನಿ ನಮ್ಮನ್ನು ಮಾನ್ಯ ಮಾಡಿತು ಎಂದರ್ಥ! ಸಾಲ ಕೇಳಲು ಬಂದವನನ್ನು ಬೀಗರು ಎಂದು ಹೇಳಿಕೊಂಡು ತಿರುಗಿದ ಹಾಗೆ. ಅತ್ತ ಸೋತ ಪ್ರಧಾನಿ ಜರ್ಮನಿಯಲ್ಲಿ ಸೀಲ್ಯಾಂಡಿನ ದೇಶಭ್ರಷ್ಟ ಸರ್ಕಾರ ಸ್ಥಾಪಿಸಿಕೊಂಡ. ಇದ್ದದ್ದು ಐದು ಸೈಟು, ಸರ್ಕಾರ ಎರಡಾಯಿತು.

ಆ ಪಾಸ್‌ಪೋರ್ಟಿನ ಕತೆ ಅಲ್ಲಿಗೇ ಮುಗಿಯಲಿಲ್ಲ. ಇಟಲಿಯ ವಸ್ತ್ರವಿನ್ಯಾಸಕಾರ ಜಾನಿ ವೆರ್ಸಾಚೆಯನ್ನು 1997ರಲ್ಲಿ ಮಯಾಮಿ ಬೀಚ್‌ನಲ್ಲಿ ಕೊಂದವನು ಕೊನೆಗೆ ಒಂದು ದೋಣಿಮನೆಯಲ್ಲಿ ಹೆಣವಾಗಿ ಸಿಕ್ಕ. ಆ ದೋಣಿಮನೆಯ ನಂಟಿನ ತನಿಖೆಯಲ್ಲಿ ಸೀಲ್ಯಾಂಡಿನ ಪಾಸ್‌ಪೋರ್ಟ್ ಹೊರಬಂತು. ಜಾಲ ಹಿಡಿದು ಎಳೆದಾಗ ಲೋಕದಲ್ಲಿ ಸುಮಾರು ಒಂದೂವರೆ ಲಕ್ಷ ಇಂಥ ಪಾಸ್‌ಪೋರ್ಟುಗಳು ಓಡಾಡುತ್ತಿವೆ ಎಂಬ ಅಂದಾಜು ಸಿಕ್ಕಿತು. ಅವು ನಕಲಿ ಎಂದು ಬೇಟ್ಸ್ ಮನೆಯವರು ಗಾಬರಿಯಾಗಿ ಎಲ್ಲ ಪಾಸ್‌ಪೋರ್ಟನ್ನೂ ರದ್ದು ಮಾಡಿದರು. ಅಸಲಿಯೇ ಇಲ್ಲದ ದೇಶದ ನಕಲಿ! ಈ ಮಾತಿನ ಮುಂದೆ ಅದ್ವೈತಿಗಳು ಕೂಡ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು.

2000ನೇ ಇಸವಿಯಲ್ಲಿ ಯಾವ ಸರ್ಕಾರದ ಕೈಗೂ ಸಿಗದ ಕಂಪ್ಯೂಟರ್ ಮಾಹಿತಿ ಗೋದಾಮು ಎಂದು ಹೇವನ್‌ಕೋ ಎಂಬ ಕಂಪನಿ ಅಲ್ಲಿ ಅಂಗಡಿ ಹಾಕಿತು. ಕೆಲವು ವರ್ಷದಲ್ಲಿ ಬಾಗಿಲು ಎಳೆಯಿತು. 2006ರ ಜೂನ್‌ನಲ್ಲಿ ಜನರೇಟರಿಗೆ ಬೆಂಕಿ ಹತ್ತಿತು. ಆಗ ಸಾರ್ವಭೌಮ ರಾಷ್ಟ್ರದ ಅಗ್ನಿಶಾಮಕ ದಳ ಎಲ್ಲಿತ್ತು? ಕಾವಲಿಗಿದ್ದವನನ್ನು ಎತ್ತಿಕೊಂಡು ಹೋದದ್ದು ಬ್ರಿಟಿಷ್ ವಾಯುಪಡೆಯ ಹೆಲಿಕಾಪ್ಟರ್. ಸೇರಿಸಿದ್ದು ಇಪ್ಸ್‌ವಿಚ್‌ನ ಆಸ್ಪತ್ರೆಗೆ. ಪಕ್ಕದಲ್ಲಿ ಕಾದು ನಿಂತದ್ದು ಹಾರ್ವಿಚ್‌ನ ಜೀವರಕ್ಷಕ ದೋಣಿ. ಬೆಂಕಿ ಆರಿಸಿದ್ದೂ ಆ ಕರಾವಳಿಯದೇ ದೋಣಿ. ಸ್ವಾತಂತ್ರ್ಯ ಕರೆಂಟು ಇರುವವರೆಗೆ. ಹೊಗೆ ಕಂಡರೆ ತಾಯ್ನಾಡು. ಮರುವರ್ಷವೇ ಸಂಸ್ಥಾನಕ್ಕೆ 75 ಕೋಟಿ ಯೂರೋ ಬೆಲೆ ಕಟ್ಟಿ ಮಾರಾಟಕ್ಕಿಟ್ಟರು. ಯಾರೂ ಕೊಳ್ಳಲಿಲ್ಲ. ಐದು ಸೈಟಿಗೆ ಆ ಬೆಲೆ ಕೇಳುವ ಧೈರ್ಯ ನಮ್ಮ ಬ್ರೋಕರುಗಳಿಗೂ ಇನ್ನೂ ಬಂದಿಲ್ಲ. ರಾಯ್ ಬೇಟ್ಸ್ 2012ರಲ್ಲಿ 91ನೇ ವಯಸ್ಸಿಗೆ ತೀರಿಕೊಂಡ. ಆಗ ಪಟ್ಟ ಮಗನಿಗೆ. ಹೊಸ ದೊರೆಯ ವಾಸ ಇಂಗ್ಲೆಂಡಿನಲ್ಲಿ, ಅಂದರೆ ಪರದೇಶದಲ್ಲಿ. ಸಂಸ್ಥಾನದಲ್ಲಿ ಉಳಿಯುವುದು ಪಾಳಿಯ ಮೇಲೆ ಬರುವ ಕಾವಲುಗಾರ.

ಈ ರೋಗ ಬೇಟ್ಸ್ ಒಬ್ಬನದಲ್ಲ. ಅವನು ಸಾರಿದ ಎಂಟು ತಿಂಗಳಿಗೆ, 1968ರ ಮೇ 1ರಂದು, ಬೊಲೋನಾದ ಎಂಜಿನಿಯರ್ ಜಾರ್ಜೊ ರೋಸಾ ಇಟಲಿಯ ರಿಮಿನಿ ಎದುರಿನ ಕಡಲಿನಲ್ಲಿ 400 ಚದರ ಮೀಟರಿನ ಅಟ್ಟ ಕಟ್ಟಿ, ರೋಸ್ ಐಲ್ಯಾಂಡ್ ಗಣರಾಜ್ಯ ಎಂದು ಘೋಷಿಸಿ, ಎಸ್ಪೆರಾಂಟೊ ಎಂಬ ಕೃತಕ ಭಾಷೆಯನ್ನು ಆಡಳಿತ ಭಾಷೆ ಮಾಡಿ, ಅಂಚೆಚೀಟಿ ಹೊರಡಿಸಿದ. ಹೆಚ್ಚುಕಡಿಮೆ ಯಾರ ತಾಯ್ನುಡಿಯೂ ಅಲ್ಲದ ಭಾಷೆಯನ್ನು ಆಡಳಿತ ಭಾಷೆ ಮಾಡಿದ್ದರಿಂದ ಅಲ್ಲಿ ಭಾಷಾ ಚಳವಳಿಗೆ ಅವಕಾಶವಿರಲಿಲ್ಲ, ಮನುಷ್ಯ ಜಾಣ. ಇಟಲಿಗೆ ಬ್ರಿಟನ್ನಿನಷ್ಟು ತಾಳ್ಮೆ ಇರಲಿಲ್ಲ. ಎರಡು ತಿಂಗಳೊಳಗೆ ಪೊಲೀಸರು ಅಟ್ಟ ವಶಪಡಿಸಿಕೊಂಡರು, ಮರುವರ್ಷದ ಫೆಬ್ರವರಿಯಲ್ಲಿ ನೌಕಾಪಡೆ ಸಿಡಿಮದ್ದಿಟ್ಟಿತು. ಆಮೇಲೂ ನಿಂತಿದ್ದ ಕಂಬಗಳನ್ನು ಬಿರುಗಾಳಿ ಬೀಳಿಸಿತು.

ನನಗೆ ಇವರೆಲ್ಲರಲ್ಲಿ ನಿಜವಾಗಿ ಇಷ್ಟವಾದವನು ರಸೆಲ್ ಅರಂಡೆಲ್. ಪೆಪ್ಸಿ ವ್ಯವಹಾರದ ಈ ಅಮೆರಿಕನ್ ಕೆನಡಾದ ನೋವಾ ಸ್ಕೋಷಿಯಾ ತೀರದಲ್ಲಿ ಸುಮಾರು ನಾಲ್ಕು ಎಕರೆಯ, ಮರವಿಲ್ಲದ, ಗಾಳಿ ಹೊಡೆಯುವ ಒಂದು ದ್ವೀಪವನ್ನು 750 ಡಾಲರಿಗೆ ಕೊಂಡ. ಇದು ನಿಜದ ದ್ವೀಪ, ಅಟ್ಟವಲ್ಲ. ಟ್ಯೂನಾ ಮೀನಿಗೆ ಗಾಳ ಹಾಕುವ ಗೆಳೆಯರೊಂದಿಗೆ ಕುಡಿಯಲು ಒಂದು ಕಲ್ಲುಮನೆ ಕಟ್ಟಿ, ಔಟರ್ ಬಾಲ್ಡೋನಿಯಾ ಸಂಸ್ಥಾನ ಎಂದು ಹೆಸರಿಟ್ಟ. ಅದರ ಹಕ್ಕುಪತ್ರ ಓದಬೇಕು: ಕುಡಿಯುವ, ಬೈಯುವ, ಜೂಜಾಡುವ ಹಕ್ಕು, ಗಡ್ಡ ಬೋಳಿಸದಿರುವ ಹಕ್ಕು, ಸುಳ್ಳು ಹೇಳುವ ಹಕ್ಕು, ಹೇಳಿದ ಸುಳ್ಳನ್ನು ಎದುರಿನವರು ನಂಬಬೇಕೆಂಬ ಹಕ್ಕು. ಮೊದಲಿನವೆಲ್ಲ ಎಲ್ಲ ದೇಶಗಳಲ್ಲೂ ಒಂದಲ್ಲ ಒಂದು ರೀತಿಯಲ್ಲಿ ಜಾರಿಯಲ್ಲಿವೆ. ಕೊನೆಯದನ್ನು ಬರವಣಿಗೆಯಲ್ಲಿ ಕೊಟ್ಟ ಸಂವಿಧಾನ ನಾನು ಕಂಡಂತೆ ಇದೊಂದೇ. ಸೋವಿಯತ್ ಒಕ್ಕೂಟದ ಸಾಹಿತ್ಯ ಪತ್ರಿಕೆಯೊಂದು ಇದನ್ನು ಗಂಭೀರವಾಗಿ ಓದಿ, ಪ್ರಜೆಗಳನ್ನು ಕಾಡುಮನುಷ್ಯರನ್ನಾಗಿಸುವ ಸಾಮ್ರಾಜ್ಯಶಾಹಿ ಹುನ್ನಾರವೆಂದು ಉಗಿಯಿತು. ಬಾಲ್ಡೋನಿಯಾ 1953ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ಯುದ್ಧ ಸಾರಿತು. ಹ್ಯಾಲಿಫ್ಯಾಕ್ಸ್‌ನ ಒಂದು ದೋಣಿವಿಹಾರದ ಕ್ಲಬ್ಬು ತನ್ನ ನೌಕೆಗಳನ್ನೆಲ್ಲ ಕೊಡುತ್ತೇನೆಂದು ಮುಂದೆ ಬಂತು. ಯುದ್ಧವಂತೂ ಆಗಲಿಲ್ಲ. 1973ರಲ್ಲಿ ಅರಂಡೆಲ್ ದೇಶವನ್ನು ಒಂದೇ ಒಂದು ಡಾಲರಿಗೆ ಅಲ್ಲಿನ ಪಕ್ಷಿಪ್ರಿಯರ ಸಂಘಕ್ಕೆ ಬರೆದುಕೊಟ್ಟ. ಮೊಹರು ಎಲ್ಲಿಟ್ಟನೋ. ಹಕ್ಕಿಗಳು ಕೇಳಿದ ಹಾಗಿಲ್ಲ.

ಭೂಪಟದಲ್ಲಿಲ್ಲದ ದೇಶಗಳ ಈ ಭೂಪಟದಲ್ಲಿ ನಮ್ಮ ಬಿಡದಿಯೂ ಇದೆ ಎನ್ನುವುದನ್ನು ಹೇಳದೆ ಬಿಟ್ಟರೆ ಕನ್ನಡಿಗರು ಬೇಜಾರು ಮಾಡಿಕೊಂಡಾರು. ಅಲ್ಲಿ ಆಶ್ರಮ ಕಟ್ಟಿದ್ದ ನಿತ್ಯಾನಂದ ಇಲ್ಲಿ ಮೊಕದ್ದಮೆ ನಡೆಯುತ್ತಿರುವಾಗಲೇ ದೇಶ ಬಿಟ್ಟು, 2019ರ ಕೊನೆಗೆ ಕೈಲಾಸ ಎಂಬ ರಾಷ್ಟ್ರದೊಂದಿಗೆ ಕಾಣಿಸಿಕೊಂಡರು. ಎಕ್ವಡಾರ್ ಬಳಿ ದ್ವೀಪ ಕೊಂಡಿದ್ದಾರೆಂದು ಸುದ್ದಿಯಾಯಿತು. ನಾವು ಆಶ್ರಯವನ್ನೂ ಕೊಟ್ಟಿಲ್ಲ, ಜಾಗ ಕೊಳ್ಳಲು ಸಹಾಯವನ್ನೂ ಮಾಡಿಲ್ಲ ಎಂದು ಎಕ್ವಡಾರ್ ಹೇಳಿತು. ಬೇಟ್ಸ್‌ಗೆ ತುಕ್ಕು ಹಿಡಿದ ಕಬ್ಬಿಣವಾದರೂ ಇತ್ತು. ಇಲ್ಲಿ ನೆಲದ ಗೊಡವೆಯೇ ಇಲ್ಲ. ಪಾಸ್‌ಪೋರ್ಟ್ ಉಂಟು, ರಿಸರ್ವ್ ಬ್ಯಾಂಕ್ ಉಂಟು, ನಾಣ್ಯ ಉಂಟು. 2023ರಲ್ಲಿ ಅಮೆರಿಕದ ನ್ಯೂವರ್ಕ್ ನಗರ ಕೈಲಾಸದೊಂದಿಗೆ ಸೋದರಿ ನಗರದ ನಂಟು ಬೆಳೆಸಿ, ಅಂಥ ಊರೇ ಇಲ್ಲವೆಂದು ತಿಳಿದು ಕಡಿದುಕೊಂಡಿತು. ಅದೇ ವರ್ಷ ಪರಾಗ್ವೆಯ ಕೃಷಿ ಇಲಾಖೆಯ ಅಧಿಕಾರಿಯೊಬ್ಬರು ಕೈಲಾಸದ ಪ್ರತಿನಿಧಿಗಳೊಂದಿಗೆ ಒಡಂಬಡಿಕೆಗೆ ಸಹಿ ಹಾಕಿ ಕೆಲಸ ಕಳೆದುಕೊಂಡರು. ಗಮನಿಸಿ: ನೋಡಿದವರ್‍ಯಾರೂ ನಕಾಶೆ ಕೇಳಲಿಲ್ಲ. ಕಾಗದ ದಪ್ಪವಾಗಿತ್ತು, ಮೊಹರು ದುಂಡಗಿತ್ತು, ಸಹಿ ಬಿತ್ತು.

ಹುಚ್ಚರು, ತುಂಟರು ಎಂದು ಇವರನ್ನೆಲ್ಲ ನಕ್ಕು ಬಿಡಬಹುದಿತ್ತು, ರಾಕಾಲ್ ಎಂಬ ಬಂಡೆ ಇಲ್ಲದಿದ್ದರೆ. ಸ್ಕಾಟ್ಲೆಂಡಿನಿಂದ ಪಶ್ಚಿಮಕ್ಕೆ ಅಟ್ಲಾಂಟಿಕ್ ನಡುವೆ ತಲೆ ಎತ್ತಿರುವ ಕಲ್ಲು ಅದು. ಅಗಲ ಮೂವತ್ತು ಮೀಟರೂ ಇಲ್ಲ. ಹಕ್ಕಿಯ ಹಿಕ್ಕೆ ಬಿಟ್ಟರೆ ಬೇರೆ ಸಂಪತ್ತಿಲ್ಲ. 1955ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ನೌಕಾಪಡೆಯವರು ಹೆಲಿಕಾಪ್ಟರಿನಿಂದ ಅದರ ಮೇಲಿಳಿದು, ಬಾವುಟ ಹಾರಿಸಿ, ಇದು ರಾಣಿಯವರದು ಎಂಬ ಹಿತ್ತಾಳೆ ಫಲಕವನ್ನು ಸಿಮೆಂಟಿನಿಂದ ಮೆತ್ತಿ ಬಂದರು. 1972ರಲ್ಲಿ ಅದಕ್ಕೆಂದೇ ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿ ಸ್ಕಾಟ್ಲೆಂಡಿನ ಒಂದು ಜಿಲ್ಲೆಗೆ ಸೇರಿಸಿದರು. 1997ರಲ್ಲಿ ಗ್ರೀನ್‌ಪೀಸ್‌ನವರು ತೈಲ ಶೋಧನೆಯನ್ನು ಪ್ರತಿಭಟಿಸಿ ಆ ಬಂಡೆ ಹತ್ತಿ, ವೇವ್‌ಲ್ಯಾಂಡ್ ಎಂಬ ಹೊಸ ರಾಷ್ಟ್ರ ಸಾರಿದರು. ಸರ್ಕಾರ ಗುಂಡು ಹಾರಿಸಲಿಲ್ಲ. ನಮ್ಮದೇ ನೆಲ, ಎಷ್ಟು ದಿನ ಬೇಕಾದರೂ ಇರಿ ಎಂಬ ಧಾಟಿಯಲ್ಲಿ ಹೇಳಿ ಸುಮ್ಮನಾಯಿತು. ಬೇಟ್ಸ್‌ನ ಅಟ್ಟದಲ್ಲಿ ಅಡುಗೆಮನೆ ಇತ್ತು, ಹಾಸಿಗೆ ಇತ್ತು, ಮಗ ಇದ್ದ. ರಾಣಿಯವರ ಬಂಡೆಯ ಮೇಲೆ ನೆಟ್ಟಗೆ ಕೂರಲು ಸಮತಟ್ಟಾದ ಜಾಗ ಒಂದೆರಡು ಚಾಪೆ ಹಾಸುವಷ್ಟು ಮಾತ್ರ. ಆದರೂ ಒಂದು ಸಂಸ್ಥಾನ ಗೇಲಿಯ ವಸ್ತು, ಇನ್ನೊಂದು ಶಾಸನದ ಪುಸ್ತಕದಲ್ಲಿದೆ.

ಸೀಲ್ಯಾಂಡ್ ಈಗ ಬಿರುದು ಮಾರಿ ಸಂಸಾರ ಸಾಗಿಸುತ್ತದೆ. ಕೆಲವು ಸಾವಿರ ರೂಪಾಯಿಗೆ ಲಾರ್ಡ್ ಆಗಬಹುದು, ಇನ್ನೂ ಹೆಚ್ಚು ಕೊಟ್ಟರೆ ಕೌಂಟ್ ಆಗಬಹುದು. ನನಗೂ ಆಸೆ ಹುಟ್ಟಿತು. ಮೊಬೈಲಿನಲ್ಲಿ ಎರಡು ಸಲ ಒತ್ತಿದರೆ ಆಗುವ ಕೆಲಸ, ನಿಜ. ಆದರೆ ಅರ್ಜಿ ಬರೆಯದೆ ಏನನ್ನಾದರೂ ಪಡೆದರೆ ನಮ್ಮ ಪೀಳಿಗೆಯವರಿಗೆ ಅದು ದಕ್ಕುವುದಿಲ್ಲ. 'ಮಾನ್ಯರೇ' ಎಂದು ಶುರುಮಾಡಿ, ವಿವರಗಳನ್ನು ಕೋರಿ, ಲಕೋಟೆ ಅಂಟಿಸಿ, ರಿಜಿಸ್ಟರ್ ಮಾಡಿಸಲು ಹತ್ತಿರದ ಅಂಚೆ ಕಚೇರಿಗೆ ಹೋದೆ. ಸಂಸ್ಥಾನದ ವಿಳಾಸದಲ್ಲಿ ಸೀಲ್ಯಾಂಡ್ ಎಂದಿದೆ. ಕೆಳಗೆ ಫೀಲಿಕ್ಸ್‌ಸ್ಟೋ ಕಡೆಯ ಬ್ರಿಟಿಷ್ ಪಿನ್‌ಕೋಡ್, ಅದರ ಕೆಳಗೆ ಯುಕೆ.

ಕೌಂಟರಿನ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಹುಡುಕಿದರು. "ಸಾರ್, ಸೀಲ್ಯಾಂಡ್ ಅಂತ ದೇಶ ಲಿಸ್ಟಲ್ಲಿ ಬರ್ತಿಲ್ಲ."

"ಇದೆಯಮ್ಮಾ. 1967ರಿಂದ ಇದೆ. ಬಾವುಟ, ಸಂವಿಧಾನ ಎಲ್ಲಾ ಇದೆ. ಒಂದು ಯುದ್ಧವೂ ಆಗಿದೆ."

"ಇರಬಹುದು ಸಾರ್, ಲಿಸ್ಟಲ್ಲಿ ಇಲ್ವಲ್ಲ. ಕೊನೇಲಿ ಯುಕೆ ಅಂತ ನೀವೇ ಬರೆದಿದ್ದೀರಾ. ಅದನ್ನೇ ಹಾಕ್ಲಾ?"

ಹಿಂದೆ ಪೆನ್ಷನ್ನಿನ ಸಾಲು ಬೆಳೆಯುತ್ತಿತ್ತು. ಹಾಕಿ ಎಂದೆ. ಆಕೆ ಮೊಹರನ್ನು ಶಾಯಿಯ ಮೇಲೆ ಒಮ್ಮೆ ಒತ್ತಿ, ಲಕೋಟೆಯ ಮೇಲೆ ಠಪ್ಪನೆ ಹೊಡೆದರು. ಸೀಲ್ಯಾಂಡ್ ಎಂಬ ಅಕ್ಷರಗಳ ಮೇಲೇ ಬಿತ್ತು.